ಹಾಡು ಕೇಳಲು ಗಡಿ ದಾಟುವ ಗಿರಾಕಿ: ಸಂಗೀತ ಪ್ರವಾಸದ ಲಾಭ, ನಷ್ಟ ಮತ್ತು ತೆರಿಗೆ

ಬಾದಾಮಿಯ ಬನಶಂಕರಿ ಜಾತ್ರೆಯನ್ನೋ ಕೊಪ್ಪಳದ ಗವಿಮಠದ ಜಾತ್ರೆಯನ್ನೋ ಕಂಡ ವರ್ತಕರಿಗೆ ಒಂದು ಸಂಗತಿ ಚೆನ್ನಾಗಿ ತಿಳಿದಿದೆ. ಜನರು ಬರುವುದು ದರ್ಶನಕ್ಕೆ, ತೇರು ನೋಡುವುದಕ್ಕೆ. ಆದರೆ ಬಂದವರು ಉಣ್ಣುತ್ತಾರೆ, ತಂಗುತ್ತಾರೆ, ಬಳೆ ಕೊಳ್ಳುತ್ತಾರೆ, ಮಕ್ಕಳಿಗೆ ಆಟಿಕೆ ಕೊಡಿಸುತ್ತಾರೆ. ತೇರು ಎಳೆಯುವುದು ಒಂದು ಸಂಜೆಯಾದರೂ ಅಂಗಡಿಗಳ ವಹಿವಾಟು ಹಲವು ದಿನ ನಡೆಯುತ್ತದೆ. ಇದೇ ತತ್ತ್ವ ಇಂದು ಅಂತಾರಾಷ್ಟ್ರೀಯ ಮಟ್ಟದಲ್ಲಿ ಹೊಸ ರೂಪ ತಾಳಿದೆ. ತಮ್ಮ ಮೆಚ್ಚಿನ ಗಾಯಕರ ಅಥವಾ ವಾದ್ಯವೃಂದದ ಒಂದು ರಾತ್ರಿಯ ಕಾರ್ಯಕ್ರಮಕ್ಕಾಗಿ ಲಕ್ಷಾಂತರ ಅಭಿಮಾನಿಗಳು ಪಾಸ್‌ಪೋರ್ಟ್ ಹಿಡಿದು ದೇಶದಿಂದ ದೇಶಕ್ಕೆ ಹೊರಡುತ್ತಿದ್ದಾರೆ.

ಇದನ್ನು ಯುವಜನರ ಹುಚ್ಚು ಎಂದು ತಳ್ಳಿಹಾಕುವುದು ಸುಲಭ. ಆದರೆ ಇದರ ಹಣಕಾಸಿನ ಗಾತ್ರ ಉಪೇಕ್ಷಿಸುವಂಥದ್ದಲ್ಲ. ಅಮೆರಿಕದ ಗಾಯಕಿ ಟೇಲರ್ ಸ್ವಿಫ್ಟ್ ಅವರ ‘ಎರಾಸ್’ ಪ್ರವಾಸವು 2023ರ ಮಾರ್ಚ್ 17ರಂದು ಅರಿಜೋನಾ ರಾಜ್ಯದಲ್ಲಿ ಆರಂಭವಾಗಿ 2024ರ ಡಿಸೆಂಬರ್ 8ರಂದು ಕೆನಡಾದ ವ್ಯಾಂಕೂವರ್‌ನಲ್ಲಿ ಮುಕ್ತಾಯಗೊಂಡಿತು. ಐದು ಖಂಡಗಳಲ್ಲಿ ನಡೆದ 149 ಕಾರ್ಯಕ್ರಮಗಳಿಗೆ ಒಂದು ಕೋಟಿಗೂ ಮೀರಿದ ಜನ ಸೇರಿದರು. ಟಿಕೆಟ್ ಮಾರಾಟವೊಂದರಿಂದಲೇ 200 ಕೋಟಿ ಡಾಲರಿಗೂ ಹೆಚ್ಚು ಹಣ ಸಂಗ್ರಹವಾಯಿತು. ಈ ಮೊತ್ತದಲ್ಲಿ ವಿಮಾನ, ಹೋಟೆಲ್, ಊಟ, ಉಡುಪುಗಳ ವೆಚ್ಚ ಸೇರಿಲ್ಲ. ವರ್ತಕರಿಗೂ ಸಣ್ಣ ಉದ್ದಿಮೆದಾರರಿಗೂ ಸಂಬಂಧಿಸಿದ ಲೆಕ್ಕ ಇರುವುದು ಈ ಹೊರಗುಳಿದ ಭಾಗದಲ್ಲಿಯೇ.

ಹಡಗು ಏರದ ರಫ್ತು

ರಫ್ತು ಎಂದರೆ ಸರಕು ಬಂದರಿನಿಂದ ಹೊರಟು ಪರದೇಶ ಸೇರುವುದು ಎಂಬುದು ಸಾಮಾನ್ಯ ತಿಳಿವಳಿಕೆ. ಆದರೆ ವಿದೇಶಿ ಪಾವತಿ ಶಿಲ್ಕಿನ ಲೆಕ್ಕದಲ್ಲಿ ವಿದೇಶಿ ಪ್ರವಾಸಿಯು ನಮ್ಮ ನೆಲದಲ್ಲಿ ಮಾಡುವ ವೆಚ್ಚವೂ ಸೇವಾ ರಫ್ತೇ ಆಗಿದೆ. ಇಲ್ಲಿ ಸರಕು ಗಿರಾಕಿಯ ಬಳಿಗೆ ಹೋಗುವುದಿಲ್ಲ. ಗಿರಾಕಿಯೇ ಸರಕಿನ ಬಳಿಗೆ ಬರುತ್ತಾನೆ. ಅವನು ಕುಡಿಯುವ ಕಾಫಿ, ಹತ್ತುವ ಟ್ಯಾಕ್ಸಿ, ತಂಗುವ ಕೋಣೆ ಎಲ್ಲವೂ ವಿದೇಶಿ ವಿನಿಮಯ ಗಳಿಸಿಕೊಡುತ್ತವೆ. ಸಾಗಣೆ ವಿಮೆ ಬೇಡ, ಲೆಟರ್ ಆಫ್ ಕ್ರೆಡಿಟ್ ಬೇಡ, ಹಣ ವಸೂಲಿಗೆ ತೊಂಬತ್ತು ದಿನ ಕಾಯುವ ಪ್ರಮೇಯವೂ ಇಲ್ಲ.

ಇದರ ಇನ್ನೊಂದು ಮುಖವನ್ನೂ ನೋಡಬೇಕು. ಬೆಂಗಳೂರಿನ ಯುವಕನೊಬ್ಬ ಅಬುಧಾಬಿಗೆ ಹೋಗಿ ಕಾರ್ಯಕ್ರಮ ನೋಡಿ ಬಂದರೆ ಅವನು ಅಲ್ಲಿ ಮಾಡಿದ ವೆಚ್ಚ ಭಾರತದ ಪಾಲಿಗೆ ಸೇವಾ ಆಮದು. ಅದೇ ಹಣ ಇಲ್ಲಿಯೇ ಖರ್ಚಾಗಿದ್ದರೆ ಯಾವುದೋ ಉಪಾಹಾರ ಗೃಹದ, ಬಟ್ಟೆ ಅಂಗಡಿಯ, ಸಾರಿಗೆದಾರನ ಗಲ್ಲಾ ಸೇರುತ್ತಿತ್ತು. ಆದ್ದರಿಂದಲೇ ಕೆಲವು ಸರ್ಕಾರಗಳು ಇಂಥ ಕಾರ್ಯಕ್ರಮಗಳನ್ನು ಕಾರ್ಖಾನೆಗಳನ್ನು ಆಹ್ವಾನಿಸುವಷ್ಟೇ ಆಸ್ಥೆಯಿಂದ ಆಹ್ವಾನಿಸತೊಡಗಿವೆ.

ಅಭಿಮಾನಿ ಗಡಿ ದಾಟುವುದೇಕೆ?

ಅಭಿಮಾನವೊಂದೇ ಕಾರಣವಾಗಿದ್ದರೆ ಜನರು ತಮ್ಮ ಊರಿಗೆ ಸಮೀಪದ ಕಾರ್ಯಕ್ರಮಕ್ಕೆ ಹೋಗುತ್ತಿದ್ದರು. ದೂರ ಹೋಗುವುದರ ಹಿಂದೆ ಬೆಲೆಯ ಲೆಕ್ಕವಿದೆ.

ಮೊದಲನೆಯ ಕಾರಣ ಟಿಕೆಟ್‌ನ ಮರುಮಾರಾಟ. ಅಮೆರಿಕದಲ್ಲಿ 2022ರ ನವೆಂಬರ್‌ನಲ್ಲಿ ‘ಎರಾಸ್’ ಪ್ರವಾಸದ ಮುಂಗಡ ಮಾರಾಟ ಆರಂಭವಾದಾಗ ಟಿಕೆಟ್‌ಮಾಸ್ಟರ್ ಸಂಸ್ಥೆಯ ಗಣಕ ವ್ಯವಸ್ಥೆಯು ಬೇಡಿಕೆಯ ಒತ್ತಡವನ್ನು ತಾಳಲಾರದೆ ಹೋಯಿತು. ಸಾರ್ವಜನಿಕ ಮಾರಾಟವನ್ನೇ ರದ್ದುಪಡಿಸಲಾಯಿತು. ಬಳಿಕ ಮರುಮಾರಾಟದ ಮಾರುಕಟ್ಟೆಯಲ್ಲಿ ಬೆಲೆಗಳು ಮೂಲಬೆಲೆಯ ಹಲವು ಪಟ್ಟು ಏರಿದವು. ಯುರೋಪಿನ ಹಲವು ದೇಶಗಳಲ್ಲಿ ಮರುಮಾರಾಟಕ್ಕೆ ಬಿಗಿಯಾದ ನಿರ್ಬಂಧವಿದೆ. ಐರ್ಲೆಂಡ್ 2021ರಲ್ಲಿ ಕಾನೂನನ್ನೇ ಮಾಡಿ ಮುದ್ರಿತ ಬೆಲೆಗಿಂತ ಹೆಚ್ಚಿಗೆ ಮಾರುವುದನ್ನು ನಿಷೇಧಿಸಿತು. ಹೀಗಾಗಿ ಸ್ವದೇಶದ ಕಾಳಸಂತೆಯಲ್ಲಿ ಒಂದು ಟಿಕೆಟ್ ಕೊಳ್ಳುವ ಹಣದಲ್ಲಿ ಯುರೋಪಿಗೆ ವಿಮಾನ, ಹೋಟೆಲ್, ಟಿಕೆಟ್ ಮೂರೂ ದೊರೆಯುತ್ತವೆ ಎಂಬುದನ್ನು ಅಮೆರಿಕದ ಅನೇಕ ಅಭಿಮಾನಿಗಳು ಕಂಡುಕೊಂಡರು. 2024ರ ಮೇ ತಿಂಗಳಿನಲ್ಲಿ ಪ್ಯಾರಿಸ್‌ನ ಲಾ ಡಿಫಾನ್ಸ್ ಅರೀನಾದಲ್ಲಿ ನಡೆದ ನಾಲ್ಕು ಕಾರ್ಯಕ್ರಮಗಳ ಟಿಕೆಟ್‌ಗಳಲ್ಲಿ ಸುಮಾರು ಶೇ. 20ರಷ್ಟನ್ನು ಅಮೆರಿಕನ್ನರೇ ಕೊಂಡಿದ್ದರು.

ಎರಡನೆಯ ಕಾರಣ ವಿನಿಮಯ ದರ. ಒಂದು ದೇಶದ ಹಣ ದುರ್ಬಲವಾಗಿದ್ದಾಗ ಅಲ್ಲಿನ ಟಿಕೆಟ್ ಹೊರಗಿನವರಿಗೆ ಅಗ್ಗವಾಗುತ್ತದೆ. 2023ರಲ್ಲಿ ಸ್ವೀಡನ್ನಿನ ಕ್ರೋನಾ ಕುಸಿದಿದ್ದುದು ಅಲ್ಲಿಗೆ ಅಮೆರಿಕದ ಅಭಿಮಾನಿಗಳನ್ನು ಸೆಳೆಯಿತು. ರೂಪಾಯಿ ಕುಸಿದಾಗ ನಮ್ಮ ರಫ್ತುದಾರನಿಗೆ ಆಗುವ ಅನುಕೂಲವೇ ಇದು.

ಮೂರನೆಯದು ಲಭ್ಯತೆ. ಕಲಾವಿದರು ಎಲ್ಲ ದೇಶಗಳಿಗೂ ಹೋಗುವುದಿಲ್ಲ. ದೊಡ್ಡ ಕ್ರೀಡಾಂಗಣ, ಭಾರಿ ವೇದಿಕೆಯನ್ನು ಸಾಗಿಸುವ ವ್ಯವಸ್ಥೆ, ಅನುಮತಿಯ ಖಚಿತತೆ, ಕೊಳ್ಳುವ ಶಕ್ತಿಯುಳ್ಳ ಜನ ಇವೆಲ್ಲ ಒಟ್ಟಿಗೆ ಇರುವ ಊರುಗಳು ಕಡಿಮೆ. ಅಂಥ ಊರು ಸುತ್ತಲಿನ ಹತ್ತು ದೇಶಗಳಿಗೆ ಸಂತೆಯೂರಾಗುತ್ತದೆ.

ಸಿಂಗಪುರದ ಲೆಕ್ಕಾಚಾರ

ಈ ಮೂರನೆಯ ಅಂಶವನ್ನು ಯೋಜಿತವಾಗಿ ಬಳಸಿಕೊಂಡದ್ದು ಸಿಂಗಪುರ. 2024ರ ಮಾರ್ಚ್ 2ರಿಂದ 9ರವರೆಗೆ ಅಲ್ಲಿನ ರಾಷ್ಟ್ರೀಯ ಕ್ರೀಡಾಂಗಣದಲ್ಲಿ ‘ಎರಾಸ್’ ಪ್ರವಾಸದ ಆರು ಕಾರ್ಯಕ್ರಮಗಳು ನಡೆದವು. 3 ಲಕ್ಷಕ್ಕೂ ಹೆಚ್ಚು ಟಿಕೆಟ್‌ಗಳು ಮಾರಾಟವಾದವು. ಆಗ್ನೇಯ ಏಷ್ಯಾದಲ್ಲಿ ಬೇರೆಲ್ಲಿಯೂ ಕಾರ್ಯಕ್ರಮ ಇರಲಿಲ್ಲ. ಆದ್ದರಿಂದ ಥಾಯ್ಲೆಂಡ್, ಫಿಲಿಪ್ಪೀನ್ಸ್, ಮಲೇಷ್ಯಾ, ಇಂಡೋನೇಷ್ಯಾಗಳ ಅಭಿಮಾನಿಗಳು ಸಿಂಗಪುರಕ್ಕೇ ಬರಬೇಕಾಯಿತು.

2024ರ ಫೆಬ್ರವರಿಯಲ್ಲಿ ಥಾಯ್ಲೆಂಡಿನ ಅಂದಿನ ಪ್ರಧಾನಿ ಸ್ರೆತ್ತಾ ಥಾವಿಸಿನ್ ಅವರು, ಬೇರೆ ದೇಶಗಳಿಗೆ ಹೋಗಬಾರದೆಂಬ ಷರತ್ತಿನ ಮೇಲೆ ಸಿಂಗಪುರವು ಪ್ರತಿ ಕಾರ್ಯಕ್ರಮಕ್ಕೆ 20ರಿಂದ 30 ಲಕ್ಷ ಡಾಲರ್ ನೀಡಿದೆಯೆಂದು ಸಂಘಟಕರಿಂದ ತಿಳಿದುಬಂದಿತೆಂದು ಹೇಳಿದರು. ಫಿಲಿಪ್ಪೀನ್ಸ್‌ನ ಸಂಸದರೊಬ್ಬರು ಇದು ನೆರೆಹೊರೆಯ ಧರ್ಮವಲ್ಲವೆಂದು ಆಕ್ಷೇಪಿಸಿದರು. ಅನುದಾನ ನೀಡಿದ್ದನ್ನು ಸಿಂಗಪುರದ ಪ್ರವಾಸೋದ್ಯಮ ಮಂಡಳಿ ಒಪ್ಪಿಕೊಂಡಿತು. ಮೊತ್ತವು ವದಂತಿಯಷ್ಟು ದೊಡ್ಡದಲ್ಲವೆಂದು ಅಲ್ಲಿನ ಸಚಿವರು ಸಂಸತ್ತಿನಲ್ಲಿ ತಿಳಿಸಿದರು. ಮಾರ್ಚ್ 5ರಂದು ಮೆಲ್ಬರ್ನ್‌ನಲ್ಲಿ ಅಂದಿನ ಪ್ರಧಾನಿ ಲೀ ಸೀನ್ ಲೂಂಗ್ ಅವರು ಈ ಒಪ್ಪಂದವನ್ನು ಸಮರ್ಥಿಸಿಕೊಂಡು, ಇದರಲ್ಲಿ ನೆರೆರಾಷ್ಟ್ರಗಳ ವಿರುದ್ಧ ಹಗೆತನವೇನೂ ಇಲ್ಲವೆಂದು ಸ್ಪಷ್ಟಪಡಿಸಿದರು.

ಒಂದು ಗಾಯನ ಕಾರ್ಯಕ್ರಮಕ್ಕಾಗಿ ಪ್ರಧಾನಿಗಳು ಮಾತಿಗಿಳಿದದ್ದು ವಿಚಿತ್ರವೆನಿಸಬಹುದು. ಆದರೆ ವರ್ತಕರ ದೃಷ್ಟಿಯಲ್ಲಿ ಇದು ಸೋಲ್ ಏಜೆನ್ಸಿಯ ಒಪ್ಪಂದವಲ್ಲದೆ ಬೇರೇನಲ್ಲ. ಒಂದು ಕಂಪನಿಯ ಸರಕನ್ನು ಇಡೀ ಜಿಲ್ಲೆಯಲ್ಲಿ ತಾನೊಬ್ಬನೇ ಮಾರುವ ಹಕ್ಕಿಗಾಗಿ ವಿತರಕನು ಠೇವಣಿ ಕಟ್ಟುವಂತೆ ಸಿಂಗಪುರವು ಅನುದಾನ ನೀಡಿತು. ಠೇವಣಿ ಲಾಭದಾಯಕವಾಯಿತೇ ಎಂಬುದು ಮಾರಾಟದ ಮೇಲೆ ನಿಲ್ಲುತ್ತದೆ.

ಸ್ಟಾಕ್‌ಹೋಮ್ ಕಲಿಸಿದ ಎರಡು ಪಾಠ

ಸ್ವೀಡನ್ನಿನ ರಾಜಧಾನಿ ಒಂದೇ ವರ್ಷದ ಅಂತರದಲ್ಲಿ ಈ ವಹಿವಾಟಿನ ಎರಡು ಮುಖಗಳನ್ನೂ ಕಂಡಿತು.

2023ರ ಮೇ 10 ಮತ್ತು 11ರಂದು ಅಮೆರಿಕದ ಗಾಯಕಿ ಬಿಯಾನ್ಸೆ ತಮ್ಮ ವಿಶ್ವ ಪ್ರವಾಸವನ್ನು ಸ್ಟಾಕ್‌ಹೋಮ್‌ನಿಂದ ಆರಂಭಿಸಿದರು. ಹೊರದೇಶದ ಅಭಿಮಾನಿಗಳು ಬಂದಿಳಿದು ಹೋಟೆಲ್ ಕೋಣೆಗಳೆಲ್ಲ ಭರ್ತಿಯಾದವು, ದರಗಳೂ ಏರಿದವು. ಆ ತಿಂಗಳು ಸ್ವೀಡನ್ನಿನ ಹಣದುಬ್ಬರ ಶೇ. 9.7ರಷ್ಟಿತ್ತು. ಡಾನ್ಸ್ಕೆ ಬ್ಯಾಂಕಿನ ಅರ್ಥಶಾಸ್ತ್ರಜ್ಞರೊಬ್ಬರು ಇದರಲ್ಲಿ ಸುಮಾರು ಶೇ. 0.2 ಅಂಶದಷ್ಟು ಏರಿಕೆಗೆ ಈ ಕಾರ್ಯಕ್ರಮಗಳೇ ಕಾರಣವಾಗಿರಬಹುದೆಂದು ಅಂದಾಜಿಸಿದರು. ಹೋಟೆಲಿನವನ ಆದಾಯ ಏರಿತೆಂಬುದು ಸರಿ. ಆದರೆ ಅದೇ ವಾರ ವ್ಯಾಪಾರದ ಕೆಲಸಕ್ಕಾಗಿ ಆ ನಗರಕ್ಕೆ ಹೋದ ಮಾರಾಟ ಪ್ರತಿನಿಧಿಯೂ ಆ ಏರಿದ ದರವನ್ನೇ ತೆರಬೇಕಾಯಿತು.

ಮರುವರ್ಷ 2024ರ ಮೇ 17ರಿಂದ 19ರವರೆಗೆ ‘ಎರಾಸ್’ ಪ್ರವಾಸ ಅದೇ ನಗರಕ್ಕೆ ಬಂದಿತು. ಈ ಬಾರಿ ಸ್ಟಾಕ್‌ಹೋಮ್‌ನ ವಾಣಿಜ್ಯ ಸಂಸ್ಥೆಯೇ ಮುಂಚಿತವಾಗಿ ಲೆಕ್ಕ ಹಾಕಿತು. ಮೂರು ರಾತ್ರಿಗಳಿಗೆ ಸುಮಾರು 1.8 ಲಕ್ಷ ಪ್ರೇಕ್ಷಕರು, ಸುಮಾರು 130 ದೇಶಗಳವರು, ಅಮೆರಿಕದಿಂದಲೇ ಸುಮಾರು 10,000 ಮಂದಿ ಎಂಬುದು ಅದರ ಅಂದಾಜು. ನಗರದ ಆರ್ಥಿಕತೆಗೆ ಸುಮಾರು 50 ಕೋಟಿ ಕ್ರೋನಾ ಹರಿದು ಬರಬಹುದೆಂದೂ ಅದು ಹೇಳಿತು. ಗಮನಿಸಬೇಕಾದುದು ಅಂಕಿಗಿಂತ ಕ್ರಮವನ್ನು. ಎಷ್ಟು ಜನ, ಎಲ್ಲಿಂದ, ಎಷ್ಟು ದಿನಕ್ಕೆ ಬರುತ್ತಾರೆಂಬುದು ಮೊದಲೇ ತಿಳಿದಿದ್ದರೆ ಅಂಗಡಿಕಾರನು ದಾಸ್ತಾನು ಎಷ್ಟಿಡಬೇಕು, ಎಷ್ಟು ಆಳುಗಳನ್ನು ಹೆಚ್ಚಿಗೆ ನೇಮಿಸಬೇಕು ಎಂಬುದನ್ನು ತೀರ್ಮಾನಿಸಬಹುದು.

ವಹಿವಾಟು ಬೇರೆ, ಉಳಿಯುವ ಲಾಭ ಬೇರೆ

ಇಂಥ ಕಾರ್ಯಕ್ರಮಗಳ ಬಗೆಗೆ ಪ್ರಕಟವಾಗುವ ಭಾರಿ ಅಂಕಿಗಳನ್ನು ಜಮಾಖರ್ಚಿನ ಕಣ್ಣಿನಿಂದ ಪರಿಶೀಲಿಸುವುದು ಅವಶ್ಯ. ವ್ಯಾಪಾರದಲ್ಲಿ ಒಟ್ಟು ವಹಿವಾಟನ್ನು ಲಾಭವೆಂದು ಯಾರೂ ಭಾವಿಸುವುದಿಲ್ಲ. ಇಲ್ಲಿಯೂ ಮೂರು ಬಾಬತ್ತುಗಳನ್ನು ಕಳೆಯಬೇಕು.

ಮೊದಲನೆಯದು ಸೋರಿಕೆ. ಟಿಕೆಟ್ ಹಣದ ಬಹುಭಾಗ ಕಲಾವಿದರಿಗೂ ಅವರ ಸಂಘಟಕರಿಗೂ ಸಲ್ಲುತ್ತದೆ. ಅದು ಊರಿನಲ್ಲಿ ನಿಲ್ಲುವುದಿಲ್ಲ. ಊರಿನಲ್ಲಿ ನಿಲ್ಲುವುದು ವಸತಿ, ಊಟ, ಸ್ಥಳೀಯ ಸಾರಿಗೆ, ಭದ್ರತೆ, ವೇದಿಕೆ ನಿರ್ಮಾಣಗಳ ಹಣ.

ಎರಡನೆಯದು ಸ್ಥಾನಪಲ್ಲಟ. ಸ್ಥಳೀಯ ಪ್ರೇಕ್ಷಕ ಟಿಕೆಟ್‌ಗೆ ಐದು ಸಾವಿರ ರೂಪಾಯಿ ಕೊಟ್ಟರೆ ಆ ತಿಂಗಳು ಬಟ್ಟೆಯನ್ನೋ ಚಿತ್ರಮಂದಿರವನ್ನೋ ಬಿಟ್ಟಿರುತ್ತಾನೆ. ಅದು ಊರಿಗೆ ಹೊಸ ಹಣವಲ್ಲ. ಒಂದು ಗಲ್ಲಾದಿಂದ ಇನ್ನೊಂದಕ್ಕೆ ಹೋದ ಹಣ. ಹೊರಗಿನಿಂದ ಬಂದವನ ವೆಚ್ಚ ಮಾತ್ರ ನಿಜವಾದ ಜಮೆ.

ಮೂರನೆಯದು ಹೊರದೂಡಿಕೆ. ಕೋಣೆಗಳ ಬಾಡಿಗೆ ವಿಪರೀತವಾದಾಗ ವಾಡಿಕೆಯ ಪ್ರವಾಸಿಗರು, ವ್ಯಾಪಾರಿಗಳು ಆ ವಾರ ಬರುವುದನ್ನು ಬಿಡುತ್ತಾರೆ. ಅವರಿಂದ ಬರಬಹುದಾಗಿದ್ದ ಹಣವನ್ನೂ ಲೆಕ್ಕದಿಂದ ಕಳೆಯಬೇಕು.

ಈ ಮೂರನ್ನೂ ಕಳೆದ ಬಳಿಕವೂ ಲಾಭ ಉಳಿಯುವುದುಂಟು. ಅಮೆರಿಕದ ಫಿಲಡೆಲ್ಫಿಯಾ ಫೆಡರಲ್ ರಿಸರ್ವ್ ಬ್ಯಾಂಕಿನ ಪ್ರದೇಶದ ಕುರಿತು 2023ರ ಜುಲೈನಲ್ಲಿ ಪ್ರಕಟವಾದ ವರದಿಯು, ಕೋವಿಡ್ ಆರಂಭದ ನಂತರ ಆ ನಗರದ ಹೋಟೆಲ್‌ಗಳಿಗೆ ಅತ್ಯಧಿಕ ಆದಾಯ ತಂದ ತಿಂಗಳು ಮೇ ಎಂದೂ ಅದಕ್ಕೆ ಸ್ವಿಫ್ಟ್ ಕಾರ್ಯಕ್ರಮಗಳಿಗೆ ಬಂದ ಅತಿಥಿಗಳೇ ಬಹುಮಟ್ಟಿಗೆ ಕಾರಣರೆಂದೂ ದಾಖಲಿಸಿತು. ಕೇಂದ್ರ ಬ್ಯಾಂಕಿಗೆ ಟಿಕೆಟ್ ಮಾರುವ ಹಿತಾಸಕ್ತಿಯಿಲ್ಲದ ಕಾರಣ ಇಂಥ ಸಾಕ್ಷ್ಯಕ್ಕೆ ತೂಕ ಹೆಚ್ಚು.

ವಿಯೆನ್ನಾ: ಮರಳಿದ ಹಣ, ಮರಳದ ಹಣ

2024ರ ಆಗಸ್ಟ್ 8, 9 ಮತ್ತು 10ರಂದು ಆಸ್ಟ್ರಿಯಾದ ವಿಯೆನ್ನಾದಲ್ಲಿ ನಡೆಯಬೇಕಾಗಿದ್ದ ‘ಎರಾಸ್’ ಕಾರ್ಯಕ್ರಮಗಳು ಭಯೋತ್ಪಾದಕ ಸಂಚು ಬಯಲಾದ ಕಾರಣ ಹಿಂದಿನ ದಿನ ಸಂಜೆ ರದ್ದಾದವು. ಮೂರೂ ದಿನಗಳಿಗೆ ಸುಮಾರು 2 ಲಕ್ಷ ಪ್ರೇಕ್ಷಕರನ್ನು ನಿರೀಕ್ಷಿಸಲಾಗಿತ್ತು. ಅನೇಕರು ಆಗಲೇ ದೂರದೇಶಗಳಿಂದ ಬಂದಿಳಿದಿದ್ದರು. ಜೀವಹಾನಿ ತಪ್ಪಿದ್ದೇ ದೊಡ್ಡ ಸಮಾಧಾನ. ಆದರೆ ಹಣದ ಮಟ್ಟಿಗೆ ಒಂದು ಮುಖ್ಯ ವ್ಯತ್ಯಾಸ ಬೆಳಕಿಗೆ ಬಂದಿತು. ಟಿಕೆಟ್‌ನ ಹಣವನ್ನು ಹಿಂದಿರುಗಿಸುವುದಾಗಿ ಸಂಘಟಕರು ತಕ್ಷಣ ಘೋಷಿಸಿದರು. ವಿಮಾನಯಾನ ಮತ್ತು ವಸತಿಗೆ ತೆತ್ತ ಹಣದ ಹೊಣೆ ಅವರದಾಗಿರಲಿಲ್ಲ.

ಸಂಗೀತ ಪ್ರವಾಸದಲ್ಲಿ ಟಿಕೆಟ್ ಸಾಮಾನ್ಯವಾಗಿ ಒಟ್ಟು ವೆಚ್ಚದ ಸಣ್ಣ ಪಾಲು. ದೊಡ್ಡ ಪಾಲಿಗೆ ರಕ್ಷಣೆ ಬೇಕಿದ್ದರೆ ರದ್ದುಮಾಡಬಹುದಾದ ದರದಲ್ಲಿ ಕೋಣೆ ಕಾಯ್ದಿರಿಸುವುದು, ಪ್ರವಾಸ ವಿಮೆಯ ಷರತ್ತುಗಳನ್ನು ಓದಿ ಸಹಿ ಹಾಕುವುದು ಅನಿವಾರ್ಯ. ಪ್ರವಾಸಿಯ ಅನಾರೋಗ್ಯ ಅಥವಾ ಸಾಮಾನು ಕಳೆದುಹೋಗುವಿಕೆಗೆ ಪರಿಹಾರ ನೀಡುವ ಪಾಲಿಸಿ, ಕಾರ್ಯಕ್ರಮವೇ ರದ್ದಾದರೆ ಪರಿಹಾರ ನೀಡುತ್ತದೆಂದು ಭಾವಿಸುವಂತಿಲ್ಲ.

ಭಾರತೀಯ ಅಭಿಮಾನಿ ಮತ್ತು ತೆರಿಗೆ

2024ರ ಸೆಪ್ಟೆಂಬರ್ 22ರಂದು ಬ್ರಿಟನ್ನಿನ ‘ಕೋಲ್ಡ್‌ಪ್ಲೇ’ ವಾದ್ಯವೃಂದದ ಮುಂಬಯಿ ಕಾರ್ಯಕ್ರಮದ ಟಿಕೆಟ್ ಮಾರಾಟ ಆರಂಭವಾದಾಗ ಬುಕ್‌ಮೈಶೋ ತಾಣದಲ್ಲಿ ಒಂದು ಕೋಟಿಗೂ ಹೆಚ್ಚು ಜನ ಸರದಿಯಲ್ಲಿ ನಿಂತರು. ಟಿಕೆಟ್ ದೊರೆಯದವರನ್ನು ಕಾಳಸಂತೆಯ ದರಗಳು ದಿಗಿಲುಗೊಳಿಸಿದವು. ಅಕ್ಟೋಬರ್‌ನಲ್ಲಿ ಜಾರಿ ನಿರ್ದೇಶನಾಲಯವು ಬೆಂಗಳೂರು ಸೇರಿದಂತೆ ಹಲವು ನಗರಗಳಲ್ಲಿ ಅಕ್ರಮ ಮರುಮಾರಾಟದ ಬಗೆಗೆ ಶೋಧ ನಡೆಸಿತು. ಇದೇ ವಾದ್ಯವೃಂದ 2025ರ ಜನವರಿ 9ರಿಂದ 14ರ ನಡುವೆ ಅಬುಧಾಬಿಯಲ್ಲಿ ನಾಲ್ಕು ಕಾರ್ಯಕ್ರಮ ನೀಡಿದ್ದರಿಂದ, ಮುಂಬಯಿಯಲ್ಲಿ ಟಿಕೆಟ್ ಸಿಗದ ಭಾರತೀಯರು ಅತ್ತ ಮುಖ ಮಾಡಿದರು. ಇಂಥ ಪ್ರವಾಸಕ್ಕೆ ಹೊರಡುವವರು ಅಥವಾ ಮಕ್ಕಳನ್ನು ಕಳುಹಿಸುವವರು ತಿಳಿದಿರಬೇಕಾದ ಅಂಶಗಳು ಹೀಗಿವೆ.

1. ಉದಾರೀಕೃತ ರವಾನೆ ಯೋಜನೆಯಡಿ ನಿವಾಸಿ ವ್ಯಕ್ತಿಯೊಬ್ಬನು ಒಂದು ಹಣಕಾಸು ವರ್ಷದಲ್ಲಿ 2,50,000 ಡಾಲರ್‌ವರೆಗೆ ವಿದೇಶಿ ವಿನಿಮಯ ಪಡೆಯಬಹುದು. ಈ ಸೌಲಭ್ಯ ವ್ಯಕ್ತಿಗಳಿಗೆ ಮಾತ್ರ. ಪಾಲುದಾರಿಕೆ ಸಂಸ್ಥೆಗಾಗಲಿ ಕಂಪನಿಗಾಗಲಿ ಅಲ್ಲ.

2. ಪ್ರವಾಸದ ಸ್ವಂತ ವೆಚ್ಚಕ್ಕೆ ಬ್ಯಾಂಕಿನಿಂದ ವಿದೇಶಿ ವಿನಿಮಯ ಪಡೆದಾಗ, 2025ರ ಏಪ್ರಿಲ್ 1ರಿಂದ ವರ್ಷಕ್ಕೆ ರೂ. 10 ಲಕ್ಷದವರೆಗೆ ಮೂಲದಲ್ಲಿ ತೆರಿಗೆ ಸಂಗ್ರಹವಿಲ್ಲ. ಅದಕ್ಕೂ ಮೀರಿದ ಮೊತ್ತಕ್ಕೆ ಶೇ. 20. ವಿದೇಶದಲ್ಲಿದ್ದಾಗ ಅಂತಾರಾಷ್ಟ್ರೀಯ ಕ್ರೆಡಿಟ್ ಕಾರ್ಡಿನಲ್ಲಿ ಮಾಡಿದ ವೆಚ್ಚವನ್ನು ಈ ಯೋಜನೆಯ ಲೆಕ್ಕಕ್ಕೆ ಸೇರಿಸುವುದಿಲ್ಲವೆಂದು ಕೇಂದ್ರ ಸರ್ಕಾರ 2023ರ ಜೂನ್ 28ರಂದು ಸ್ಪಷ್ಟಪಡಿಸಿತು.

3. ಪ್ರವಾಸ ಸಂಸ್ಥೆಯಿಂದ ವಿಮಾನ, ಹೋಟೆಲ್ ಇತ್ಯಾದಿ ಸೇರಿದ ‘ಪ್ಯಾಕೇಜ್’ ಕೊಂಡರೆ ಬೇರೆ ನಿಯಮ. 2025-26ರಲ್ಲಿ ರೂ. 10 ಲಕ್ಷದವರೆಗೆ ಶೇ. 5, ಅದಕ್ಕೂ ಮೀರಿದ್ದಕ್ಕೆ ಶೇ. 20 ಸಂಗ್ರಹಿಸಬೇಕಿತ್ತು. 2026ರ ಬಜೆಟ್ ಇದನ್ನು ಏಪ್ರಿಲ್ 1ರಿಂದ ಅನ್ವಯವಾಗುವಂತೆ ಯಾವ ಮೊತ್ತದ ಮಿತಿಯೂ ಇಲ್ಲದೆ ಶೇ. 2ಕ್ಕೆ ಇಳಿಸಿತು. ರೂ. 12 ಲಕ್ಷದ ಕುಟುಂಬ ಪ್ಯಾಕೇಜಿಗೆ ಹಿಂದಿನ ಕ್ರಮದಲ್ಲಿ ರೂ. 50,000 ಮತ್ತು ರೂ. 40,000 ಸೇರಿ ರೂ. 90,000 ಕಟ್ಟಬೇಕಿದ್ದರೆ, ಹೊಸ ಕ್ರಮದಲ್ಲಿ ರೂ. 24,000 ಸಾಕು. ಬರಿಯ ವಿಮಾನ ಟಿಕೆಟ್ ಅಥವಾ ಬರಿಯ ಹೋಟೆಲ್ ಕೋಣೆ ಕೊಂಡರೆ ಅದು ಪ್ಯಾಕೇಜ್ ಎನಿಸುವುದಿಲ್ಲ.

4. ಹೀಗೆ ಸಂಗ್ರಹಿಸಿದ ಹಣ ಹೆಚ್ಚುವರಿ ತೆರಿಗೆಯಲ್ಲ. ಅದು ಪ್ರವಾಸಿಯ ಪ್ಯಾನ್ ಸಂಖ್ಯೆಗೆ ಜಮೆಯಾಗಿ, ರಿಟರ್ನ್ ಸಲ್ಲಿಸುವಾಗ ತೆರಿಗೆಗೆ ಹೊಂದಿಕೆಯಾಗುತ್ತದೆ ಅಥವಾ ಮರಳಿ ಬರುತ್ತದೆ. ವೇತನದಾರರು ತಮ್ಮ ಉದ್ಯೋಗದಾತರಿಗೆ ಮಾಹಿತಿ ನೀಡಿ ವೇತನದ ತೆರಿಗೆ ಕಡಿತದಲ್ಲಿಯೇ ಇದನ್ನು ಹೊಂದಿಸಿಕೊಳ್ಳುವ ಅವಕಾಶ 2024ರ ಅಕ್ಟೋಬರ್‌ನಿಂದ ದೊರೆತಿದೆ.

5. ತನಗಾಗಲಿ ಬೇರೊಬ್ಬರಿಗಾಗಲಿ ವಿದೇಶ ಪ್ರವಾಸಕ್ಕೆ ವರ್ಷದಲ್ಲಿ ರೂ. 2 ಲಕ್ಷಕ್ಕೂ ಹೆಚ್ಚು ವೆಚ್ಚ ಮಾಡಿದವನು, ಆದಾಯ ತೆರಿಗೆ ಮಿತಿಯೊಳಗಿದ್ದರೂ ರಿಟರ್ನ್ ಸಲ್ಲಿಸಬೇಕು. 2019ರಲ್ಲಿ ಬಂದ ಈ ನಿಯಮ ಅನೇಕರ ಗಮನಕ್ಕೆ ಬಂದಿಲ್ಲ. ಮಗಳ ಪ್ರವಾಸಕ್ಕೆ ಹಣ ಕೊಟ್ಟ ತಂದೆಗೂ ಇದು ಅನ್ವಯಿಸುತ್ತದೆ.

6. ಮಾಲೀಕನ ಅಥವಾ ಅವನ ಮನೆಯವರ ಇಂಥ ಪ್ರವಾಸದ ವೆಚ್ಚವನ್ನು ಅಂಗಡಿಯ ಪ್ರವಾಸ ವೆಚ್ಚದ ಖಾತೆಗೆ ಹಾಕುವುದು ತಪ್ಪು. ಸಂಪೂರ್ಣವಾಗಿ ವ್ಯಾಪಾರದ ಉದ್ದೇಶಕ್ಕಾಗಿ ಆದ ವೆಚ್ಚಕ್ಕೆ ಮಾತ್ರ ವಿನಾಯಿತಿ. ಅದು ಮಾಲೀಕನ ಡ್ರಾಯಿಂಗ್ಸ್ ಖಾತೆಗೇ ಹೋಗಬೇಕು.

ಡೀಲರುಗಳನ್ನು ಕಳುಹಿಸುವ ಉದ್ದಿಮೆದಾರರಿಗೆ

ಗುರಿ ಮುಟ್ಟಿದ ಡೀಲರುಗಳನ್ನು ಬ್ಯಾಂಕಾಕಿಗೋ ದುಬಾಯಿಗೋ ಕಳುಹಿಸುವ ಪದ್ಧತಿ ಹಳೆಯದು. ಅದರ ಜೊತೆಗೆ ಸಂಗೀತ ಕಾರ್ಯಕ್ರಮದ ಅಥವಾ ಕ್ರಿಕೆಟ್ ಪಂದ್ಯದ ಟಿಕೆಟ್ ಸೇರಿಸುವುದೂ ಉಂಟು. ಇಲ್ಲಿ ಸಣ್ಣ ಉದ್ದಿಮೆದಾರರು ಎಡವುವ ಸಂಭವ ಹೆಚ್ಚು.

1961ರ ಆದಾಯ ತೆರಿಗೆ ಕಾಯ್ದೆಗೆ 194ಆರ್ ವಿಧಿ 2022ರ ಜುಲೈ 1ರಿಂದ ಸೇರಿತು. ವ್ಯಾಪಾರ ಸಂಬಂಧದಿಂದ ನಿವಾಸಿಯೊಬ್ಬನಿಗೆ ವರ್ಷದಲ್ಲಿ ರೂ. 20,000ಕ್ಕೂ ಮೀರಿದ ಪ್ರಯೋಜನ ನೀಡಿದರೆ ಶೇ. 10ರಷ್ಟು ತೆರಿಗೆಯನ್ನು ಮೂಲದಲ್ಲಿ ಕಡಿತ ಮಾಡಬೇಕು. ಗುರಿ ಸಾಧನೆಗಾಗಿ ಪ್ರವಾಸ, ಕಾರ್ಯಕ್ರಮದ ಉಚಿತ ಟಿಕೆಟ್ ಎರಡನ್ನೂ ಕೇಂದ್ರ ನೇರ ತೆರಿಗೆ ಮಂಡಳಿಯ 2022ರ 12ನೇ ಸುತ್ತೋಲೆ ಉದಾಹರಣೆಯಾಗಿಯೇ ಹೆಸರಿಸಿದೆ. 2025ರ ಹೊಸ ಆದಾಯ ತೆರಿಗೆ ಕಾಯ್ದೆಯಲ್ಲಿ ವಿಧಿಗಳ ಸಂಖ್ಯೆ ಬದಲಾಗಿದ್ದರೂ ಈ ಹೊಣೆ ಮುಂದುವರಿದಿದೆ. ಹಿಂದಿನ ವರ್ಷದ ವಹಿವಾಟು ರೂ. 1 ಕೋಟಿ ಮೀರದ ವ್ಯಕ್ತಿ ಅಥವಾ ಅವಿಭಕ್ತ ಕುಟುಂಬದ ವ್ಯಾಪಾರಕ್ಕೆ ಇದರಿಂದ ವಿನಾಯಿತಿಯಿದೆ.

ಒಂದು ಲೆಕ್ಕವನ್ನು ಊಹಿಸಿಕೊಳ್ಳಬಹುದು. ಪಂಪ್‌ಸೆಟ್ ತಯಾರಕನೊಬ್ಬನು ಹತ್ತು ಡೀಲರುಗಳನ್ನು ತಲಾ ರೂ. 1,20,000 ವೆಚ್ಚದಲ್ಲಿ ವಿದೇಶಕ್ಕೆ ಕಳುಹಿಸುತ್ತಾನೆನ್ನೋಣ. ಪ್ರತಿಯೊಬ್ಬರ ಹೆಸರಿನಲ್ಲಿ ರೂ. 12,000 ತೆರಿಗೆ ಸಂದಾಯವಾಗಬೇಕು. ಪ್ರಯೋಜನ ನಗದಿನ ರೂಪದಲ್ಲಿಲ್ಲದ ಕಾರಣ ಕಡಿತಕ್ಕೆ ಹಣವೇ ಇರುವುದಿಲ್ಲ. ಆದ್ದರಿಂದ ಡೀಲರು ಮುಂಗಡ ತೆರಿಗೆ ಕಟ್ಟಿದ ಬಗ್ಗೆ ಘೋಷಣೆ ಪಡೆದ ನಂತರವೇ ಟಿಕೆಟ್ ನೀಡಬೇಕು. ಇಲ್ಲವೇ ತಯಾರಕನೇ ತೆರಿಗೆ ಕಟ್ಟಬೇಕು. ಹಾಗೆ ಕಟ್ಟಿದ ತೆರಿಗೆಯೂ ಪ್ರಯೋಜನವೇ ಆಗುವುದರಿಂದ ತಲಾ ರೂ. 13,333, ಹತ್ತು ಮಂದಿಗೆ ಸುಮಾರು ರೂ. 1,33,330 ಆಗುತ್ತದೆ. ಈ ಮೊತ್ತವನ್ನು ಬಜೆಟ್‌ನಲ್ಲಿ ಮೊದಲೇ ಸೇರಿಸದಿದ್ದರೆ ಬಹುಮಾನ ಕೊಟ್ಟವನಿಗೇ ಅದು ದಂಡವಾಗಿ ಪರಿಣಮಿಸುತ್ತದೆ.

‘ಡೀಲರ್ ಸಮ್ಮೇಳನ’ ಎಂದು ಹೆಸರಿಟ್ಟ ಮಾತ್ರಕ್ಕೆ ವಿನಾಯಿತಿ ದೊರೆಯುವುದಿಲ್ಲ. ಹೊಸ ಸರಕಿನ ಪರಿಚಯ, ಮಾರಾಟದ ತರಬೇತಿ ಮುಂತಾದವು ಮುಖ್ಯ ಉದ್ದೇಶವಾಗಿರುವ ಸಮ್ಮೇಳನದ ವೆಚ್ಚ ಪ್ರಯೋಜನವೆನಿಸುವುದಿಲ್ಲ. ಆದರೆ ಗುರಿ ಮುಟ್ಟಿದವರಿಗೆ ಮಾತ್ರ ಬಹುಮಾನವಾಗಿ ನಡೆಸಿದ ಸಮ್ಮೇಳನ, ಅದರಲ್ಲಿನ ಮನರಂಜನೆಯ ಭಾಗ, ಜೊತೆಗೆ ಬಂದ ಕುಟುಂಬದವರ ವೆಚ್ಚ, ಸಮ್ಮೇಳನದ ಹಿಂದೆ ಮುಂದೆ ಉಳಿದ ದಿನಗಳ ವೆಚ್ಚ ಇವೆಲ್ಲ ಪ್ರಯೋಜನವೇ ಎಂದು ಅದೇ ಸುತ್ತೋಲೆ ತಿಳಿಸುತ್ತದೆ.

ನಮ್ಮ ಊರುಗಳಿಗೆ ಏನು?

ಕರ್ನಾಟಕಕ್ಕೆ ಇದು ತೀರಾ ಹೊಸತಲ್ಲ. 2003ರಲ್ಲಿ ರೋಲಿಂಗ್ ಸ್ಟೋನ್ಸ್, 2007ರಲ್ಲಿ ಐರನ್ ಮೇಡನ್, 2011ರಲ್ಲಿ ಮೆಟಾಲಿಕಾ ವಾದ್ಯವೃಂದಗಳು ಬೆಂಗಳೂರಿನ ಅರಮನೆ ಮೈದಾನದಲ್ಲಿ ಕಾರ್ಯಕ್ರಮ ನೀಡಿದವು. ಮೆಟಾಲಿಕಾದ ಗುಡಗಾಂವ್ ಕಾರ್ಯಕ್ರಮ ವ್ಯವಸ್ಥೆಯ ಲೋಪದಿಂದ ರದ್ದಾದ ಎರಡೇ ದಿನಗಳಲ್ಲಿ ಬೆಂಗಳೂರಿನ ಕಾರ್ಯಕ್ರಮ ಜರುಗಿತು. 2025ರ ಫೆಬ್ರವರಿಯಲ್ಲಿ ಬ್ರಿಟಿಷ್ ಗಾಯಕ ಎಡ್ ಶೀರನ್ ಎರಡು ದಿನ ಇಲ್ಲಿ ಹಾಡಿದರು.

ಆದರೆ ಇತ್ತೀಚಿನ ದೊಡ್ಡ ಲಾಭ ಪಡೆದದ್ದು ಅಹಮದಾಬಾದ್. 2025ರ ಜನವರಿ 25 ಮತ್ತು 26ರ ಕೋಲ್ಡ್‌ಪ್ಲೇ ಕಾರ್ಯಕ್ರಮಗಳಿಗಾಗಿ ಪಶ್ಚಿಮ ರೈಲ್ವೆ ಮುಂಬಯಿಯಿಂದ ವಿಶೇಷ ರೈಲುಗಳನ್ನೇ ಓಡಿಸಿತು. ಟಿಕೆಟ್ ಮಾರಿದ ಸಂಸ್ಥೆಯೇ ಹೊರತಂದ ಅಧ್ಯಯನವು ಒಟ್ಟು ಆರ್ಥಿಕ ಪರಿಣಾಮವನ್ನು ಸುಮಾರು ರೂ. 641 ಕೋಟಿ ಎಂದೂ ನಗರಕ್ಕೆ ದಕ್ಕಿದ್ದನ್ನು ಸುಮಾರು ರೂ. 392 ಕೋಟಿ ಎಂದೂ ಅಂದಾಜಿಸಿತು. ಮಾರಾಟಗಾರನೇ ಕೊಟ್ಟ ಲೆಕ್ಕವೆಂಬ ಎಚ್ಚರದಿಂದ ಇದನ್ನು ಓದಬೇಕಾದರೂ, ಎರಡು ಅಂಕಿಗಳ ನಡುವಿನ ಅಂತರವೇ ಮೇಲೆ ಹೇಳಿದ ಸೋರಿಕೆಯ ಮಾತನ್ನು ಸಮರ್ಥಿಸುತ್ತದೆ. ಜನವರಿ 28ರಂದು ಭುವನೇಶ್ವರದಲ್ಲಿ ಪ್ರಧಾನಿ ನರೇಂದ್ರ ಮೋದಿಯವರು ಇದೇ ಕಾರ್ಯಕ್ರಮಗಳನ್ನು ಉಲ್ಲೇಖಿಸಿ ಸಂಗೀತ ಕಾರ್ಯಕ್ರಮಗಳ ಆರ್ಥಿಕತೆಗೆ ಬೇಕಾದ ಮೂಲಸೌಕರ್ಯದ ಕಡೆ ರಾಜ್ಯಗಳು ಗಮನ ಹರಿಸಬೇಕೆಂದರು.

ಜನಸಂದಣಿಯ ನಿರ್ವಹಣೆಯೇ ಈ ಉದ್ಯಮದ ಮೊದಲ ಬಂಡವಾಳ. 2025ರ ಜೂನ್ 4ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಬಳಿ ವಿಜಯೋತ್ಸವಕ್ಕೆ ಸೇರಿದ್ದ ಜನರಲ್ಲಿ ಕಾಲ್ತುಳಿತವಾಗಿ 11 ಮಂದಿ ಪ್ರಾಣ ಕಳೆದುಕೊಂಡರು. ಆ ಮನೆಗಳ ನಷ್ಟವನ್ನು ಯಾವ ಲೆಕ್ಕಪತ್ರವೂ ತೋರಿಸಲಾರದು. ಬಂದವರು ಸುರಕ್ಷಿತವಾಗಿ ಮನೆ ಸೇರುತ್ತಾರೆಂಬ ಭರವಸೆಯಿಲ್ಲದ ಊರಿಗೆ ಹೊರದೇಶದ ಅತಿಥಿಯೂ ಬರುವುದಿಲ್ಲ, ಬರಲೂಬಾರದು.

ಇದರ ನಂತರದ ಹೆಜ್ಜೆಗಳು ವರ್ತಕರ ಕೈಯಲ್ಲಿಯೇ ಇವೆ. ದೊಡ್ಡ ಕಾರ್ಯಕ್ರಮದ ದಿನಾಂಕ ನಿಗದಿಯಾದೊಡನೆ ಹೋಟೆಲ್, ಸಾರಿಗೆ, ಆಹಾರ, ಉಡುಪು, ಮುದ್ರಣ ವಲಯದವರು ವಾಣಿಜ್ಯ ಸಂಸ್ಥೆಯ ಮೂಲಕ ಒಟ್ಟಿಗೆ ಕುಳಿತು ಬೇಡಿಕೆ ಅಂದಾಜಿಸುವುದು. ಕಾರ್ಯಕ್ರಮ ಮುಗಿದ ಮೇಲೆ ಆ ವಾರದ ಮಾರಾಟವನ್ನು ಹಿಂದಿನ ವರ್ಷದ ಅದೇ ವಾರದೊಂದಿಗೆ ಹೋಲಿಸಿ ದಾಖಲಿಸುವುದು. ಕೋಣೆಯ ಬಾಡಿಗೆಗೆ ಒಂದು ಮರ್ಯಾದೆ ಹಾಕಿಕೊಂಡು ವಾಡಿಕೆಯ ಗಿರಾಕಿಯನ್ನು ಉಳಿಸಿಕೊಳ್ಳುವುದು. ಕಲಾವಿದರ ಹೆಸರು, ಚಿತ್ರ, ಲಾಂಛನಗಳನ್ನು ಅನುಮತಿಯಿಲ್ಲದೆ ಬಟ್ಟೆಯ ಮೇಲೆ ಮುದ್ರಿಸಿ ಮೊಕದ್ದಮೆಗೆ ಗುರಿಯಾಗದಿರುವುದು. ‘ಎರಾಸ್’ ಅಭಿಮಾನಿಗಳು ಪರಸ್ಪರ ಹಂಚಿಕೊಳ್ಳಲು ಮಣಿಯ ಕೈಬಳೆಗಳನ್ನು ತಾವೇ ಪೋಣಿಸುತ್ತಿದ್ದರು. ಯಾರ ಹೆಸರನ್ನೂ ಯಾರ ಲಾಂಛನವನ್ನೂ ಬಳಸದೆ ಬರಿಯ ಮಣಿ ಮತ್ತು ದಾರ ಮಾರಿದ ಅಂಗಡಿಯವನಿಗೂ ಅದರಿಂದ ವ್ಯಾಪಾರವಾಯಿತು. ಜಾತ್ರೆಯಲ್ಲಿ ಬಳೆಗಾರನು ಮಾಡುವುದೂ ಇದನ್ನೇ. ತೇರು ಯಾವ ದಿನವೆಂಬುದು ಅವನಿಗೆ ಮೊದಲೇ ಗೊತ್ತಿರುತ್ತದೆ. ಅಂಗಡಿ ಹೂಡುವ ಜಾಗವನ್ನು ಅವನು ಅದಕ್ಕೂ ಮೊದಲೇ ಗೊತ್ತು ಮಾಡಿಕೊಂಡಿರುತ್ತಾನೆ.